ಅಂತರ್ಜಾಲದ ಜನಪ್ರಿಯತಾ ಶ್ರೇಯಾಂಕಗಳ ವಿಶ್ವಾಸಾರ್ಹತೆ

ಅಂತರ್ಜಾಲದ ಜನಪ್ರಿಯತಾ ಶ್ರೇಯಾಂಕ ಎಂದರೆ ರಾಜಕಾರಣಿಗಳು, ಚಲನಚಿತ್ರ ನಟರು, ಕ್ರೀಡಾಪಟುಗಳು, ಲೇಖಕರು ಮೊದಲಾದ ಸಾರ್ವಜನಿಕ ವ್ಯಕ್ತಿಗಳನ್ನು ಜಾಲತಾಣದ ಮತದಾನ, ಸಾಮಾಜಿಕ ಮಾಧ್ಯಮಗಳ ಅನುಯಾಯಿಗಳ ಸಂಖ್ಯೆ, ಹುಡುಕಾಟದ ಪ್ರಮಾಣ, ಪುಟವೀಕ್ಷಣೆ ಮುಂತಾದ ಎಣಿಕೆಗಳ ಆಧಾರದ ಮೇಲೆ ಒಂದನೆಯವರು, ಎರಡನೆಯವರು ಎಂದು ಅನುಕ್ರಮವಾಗಿ ಜೋಡಿಸಿದ ಪಟ್ಟಿ. ಇಂಥ ಪಟ್ಟಿಗಳು ಎಷ್ಟರ ಮಟ್ಟಿಗೆ ನಂಬಲರ್ಹ ಎಂಬುದು ಸಂಖ್ಯಾಶಾಸ್ತ್ರ, ಸಮಾಜಶಾಸ್ತ್ರ ಮತ್ತು ಪತ್ರಿಕೋದ್ಯಮಗಳಲ್ಲಿ ಬಹುಕಾಲದಿಂದ ಚರ್ಚೆಯಲ್ಲಿರುವ ವಿಷಯ. ಪಟ್ಟಿಯಲ್ಲಿ ಪಡೆದ ಸ್ಥಾನವು ಜಾಹೀರಾತಿನ ಸಂಭಾವನೆ, ಚಿತ್ರಗಳಿಗೆ ಹೂಡುವ ಬಂಡವಾಳ, ಚುನಾವಣಾ ಪ್ರಚಾರ ಮತ್ತು ಚರಿತ್ರೆಯ ವ್ಯಕ್ತಿಗಳ ಬಗೆಗಿನ ಸಾರ್ವಜನಿಕ ಅಭಿಪ್ರಾಯಗಳ ಮೇಲೆ ಪ್ರಭಾವ ಬೀರುವುದರಿಂದ ಈ ಪ್ರಶ್ನೆ ಕೇವಲ ಮನರಂಜನೆಗೆ ಸೀಮಿತವಾಗಿಲ್ಲ.

ಜನಪ್ರಿಯತೆ ಎಂಬ ಪದ

‘ಜನಪ್ರಿಯ’ ಎಂಬ ಪದದಲ್ಲಿ ಎರಡು ಅಂಶಗಳಿವೆ: ಜನ ಮತ್ತು ಪ್ರೀತಿ. ಅಂತರ್ಜಾಲದ ಬಹುತೇಕ ಶ್ರೇಯಾಂಕಗಳು ಇವೆರಡನ್ನೂ ನೇರವಾಗಿ ಅಳೆಯುವುದಿಲ್ಲ. ಅವು ಅಳೆಯುವುದು ಗಮನವನ್ನು. ಹಗರಣದಲ್ಲಿ ಸಿಲುಕಿದ ವ್ಯಕ್ತಿಯ ಹೆಸರನ್ನು ಲಕ್ಷಾಂತರ ಮಂದಿ ಹುಡುಕುತ್ತಾರೆ. ಬಂಧನಕ್ಕೊಳಗಾದವರ, ಅಪಘಾತಕ್ಕೀಡಾದವರ, ನಿಧನರಾದವರ ಹೆಸರುಗಳೂ ಹಾಗೆಯೇ ಮೇಲೇಳುತ್ತವೆ. ಹೊಗಳಿಕೆಯ ಉಲ್ಲೇಖವೂ ಬೈಗುಳದ ಉಲ್ಲೇಖವೂ ಯಂತ್ರದ ಲೆಕ್ಕದಲ್ಲಿ ತಲಾ ಒಂದೇ. ಆದುದರಿಂದ ಖ್ಯಾತಿ, ಕುಖ್ಯಾತಿ, ಮೆಚ್ಚುಗೆ, ಕುತೂಹಲ ಇವೆಲ್ಲ ಒಂದೇ ಅಂಕಿಯೊಳಗೆ ಬೆರೆತುಹೋಗುವುದು ಈ ಶ್ರೇಯಾಂಕಗಳ ಮೂಲಭೂತ ತೊಡಕು.

ಕ್ರೀಡೆಯಲ್ಲಿ ಬಳಕೆಯಲ್ಲಿರುವ ಶ್ರೇಯಾಂಕಗಳು ಇದಕ್ಕಿಂತ ಭಿನ್ನ. ಟೆನಿಸ್ ಅಥವಾ ಚದುರಂಗದ ಶ್ರೇಯಾಂಕವು ಆಡಿದ ಪಂದ್ಯಗಳ ಫಲಿತಾಂಶದಿಂದ, ಮೊದಲೇ ಪ್ರಕಟಿಸಿದ ನಿಯಮದಂತೆ ನಿರ್ಧಾರವಾಗುತ್ತದೆ. ಬೇಕೆಂದವರು ಅದನ್ನು ತಾವೇ ಲೆಕ್ಕ ಹಾಕಿ ನೋಡಬಹುದು. ಜನಪ್ರಿಯತೆಯ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಈ ಅವಕಾಶವಿರುವುದಿಲ್ಲ.

ಹಿನ್ನೆಲೆ

ಓದುಗರಿಂದ ಮತ ಪಡೆದು ಪಟ್ಟಿ ಮಾಡುವ ರೂಢಿ ಅಂತರ್ಜಾಲಕ್ಕಿಂತ ಹಳೆಯದು. ಅದರ ದೌರ್ಬಲ್ಯವೂ ಹಳೆಯದೇ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯು ಅಧ್ಯಕ್ಷೀಯ ಚುನಾವಣೆಗೆ ಮುನ್ನ ಸುಮಾರು 1 ಕೋಟಿ ಮಂದಿಗೆ ಅಂಚೆಯ ಮೂಲಕ ಮತಪತ್ರ ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಅವುಗಳ ಆಧಾರದ ಮೇಲೆ ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುವರೆಂದು ಪತ್ರಿಕೆ ಸಾರಿತು. ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ಅದೇ ಚುನಾವಣೆಯಲ್ಲಿ ಜಾರ್ಜ್ ಗ್ಯಾಲಪ್ ಅವರು ಸುಮಾರು 50,000 ಮಂದಿಯ ಮಾದರಿಯಿಂದ ಸರಿಯಾದ ಫಲಿತಾಂಶವನ್ನು ಮುಂದಾಗಿ ತಿಳಿಸಿದ್ದರು.

ಪತ್ರಿಕೆಯು ವಿಳಾಸಗಳನ್ನು ಆರಿಸಿದ್ದು ದೂರವಾಣಿ ಕೈಪಿಡಿ ಮತ್ತು ಮೋಟಾರು ವಾಹನಗಳ ನೋಂದಣಿ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಾಲದಲ್ಲಿ ಇವೆರಡೂ ಅನುಕೂಲಸ್ಥರ ಮನೆಗಳಲ್ಲಿದ್ದ ವಸ್ತುಗಳು. ಜೊತೆಗೆ, ಮತಪತ್ರ ಬಂದವರಲ್ಲಿಯೂ ಉತ್ತರಿಸುವ ಉತ್ಸಾಹವಿದ್ದವರು ಮಾತ್ರ ಉತ್ತರಿಸಿದರು. ಇಂದಿನ ಜಾಲತಾಣದ ಮತದಾನಗಳಲ್ಲಿಯೂ ಈ ಎರಡು ದೋಷಗಳು ಹಾಗೆಯೇ ಉಳಿದಿವೆ. ದೂರವಾಣಿಯ ಸ್ಥಾನವನ್ನು ಸ್ಮಾರ್ಟ್‌ಫೋನು ಪಡೆದಿದೆ.

ಮತದಾನಗಳ ಪ್ರಸಿದ್ಧ ಪ್ರಕರಣಗಳು

1997ರ ಸುಮಾರಿಗೆ ‘ಟೈಮ್’ ಪತ್ರಿಕೆಯು ಶತಮಾನದ ವ್ಯಕ್ತಿಯ ಬಗ್ಗೆ ಓದುಗರ ಮತ ಕೇಳಿದಾಗ ತುರ್ಕಿಯಲ್ಲಿ ದೊಡ್ಡ ಅಭಿಯಾನವೇ ನಡೆದು, ಮುಸ್ತಫಾ ಕೆಮಾಲ್ ಅತಾತುರ್ಕ್ ಅವರು ರಾಜಕಾರಣಿಗಳ ವಿಭಾಗದಲ್ಲಿ ಮಾತ್ರವಲ್ಲದೆ ತಮಗೆ ಸಂಬಂಧವಿಲ್ಲದ ವಿಭಾಗಗಳಲ್ಲಿಯೂ ಮುನ್ನಡೆ ಸಾಧಿಸಿದರು. ಪತ್ರಿಕೆಯ ಸಂಪಾದಕರು 1999ರ ಕೊನೆಯಲ್ಲಿ ಆರಿಸಿದ್ದು ಆಲ್ಬರ್ಟ್ ಐನ್‌ಸ್ಟೈನ್ ಅವರನ್ನು. 1998ರಲ್ಲಿ ‘ಪೀಪಲ್’ ಪತ್ರಿಕೆಯು ಅತ್ಯಂತ ಸುಂದರ ವ್ಯಕ್ತಿ ಯಾರೆಂದು ತನ್ನ ಜಾಲತಾಣದಲ್ಲಿ ಕೇಳಿತು. ಒಂದು ರೇಡಿಯೊ ಕಾರ್ಯಕ್ರಮದ ಕೇಳುಗರು ತಮಾಷೆಗೆಂದು ಆ ಕಾರ್ಯಕ್ರಮದ ಕುಬ್ಜ ಹಾಸ್ಯಪಾತ್ರಧಾರಿಯೊಬ್ಬರಿಗೆ 2 ಲಕ್ಷ 30 ಸಾವಿರಕ್ಕೂ ಹೆಚ್ಚು ಮತ ನೀಡಿದರು. ‘ಟೈಟಾನಿಕ್’ ಚಿತ್ರದ ಯಶಸ್ಸಿನ ಶಿಖರದಲ್ಲಿದ್ದ ಲಿಯೊನಾರ್ಡೊ ಡಿಕಾಪ್ರಿಯೊ ಅವರಿಗೆ ಬಂದದ್ದು ಸುಮಾರು 14 ಸಾವಿರ.

ಈ ವಿಷಯದ ಚರ್ಚೆಗಳಲ್ಲಿ ಅತಿ ಹೆಚ್ಚು ಉದಾಹರಿಸಲ್ಪಡುವುದು 2009ರ ‘ಟೈಮ್’ ಮತದಾನ. ಜಗತ್ತಿನ ಅತ್ಯಂತ ಪ್ರಭಾವಿ ವ್ಯಕ್ತಿಗಳನ್ನು ಓದುಗರು 1ರಿಂದ 100ರವರೆಗಿನ ಅಂಕ ನೀಡಿ ಸೂಚಿಸಬೇಕಾಗಿತ್ತು. ‘ಮೂಟ್’ ಎಂಬ ಅಡ್ಡಹೆಸರಿನ, ‘4ಚಾನ್’ ಜಾಲತಾಣದ ಸ್ಥಾಪಕ ಕ್ರಿಸ್ಟೋಫರ್ ಪೂಲ್ ಮೊದಲ ಸ್ಥಾನ ಪಡೆದರು. ಅವರ ಹೆಸರಿಗೆ ದಾಖಲಾದ ಮತಗಳು 1,67,94,368. ಆ ತಾಣದ ಬಳಕೆದಾರರು ತಾವೇ ತಾವಾಗಿ ಮತ ಹಾಕುವ ತಂತ್ರಾಂಶಗಳನ್ನು ಬರೆದು ಇದನ್ನು ಸಾಧಿಸಿದ್ದರು. ಒಬ್ಬರನ್ನು ಮೇಲೆತ್ತುವುದಷ್ಟೇ ಅವರ ಗುರಿಯಾಗಿರಲಿಲ್ಲ. ಮೊದಲ 21 ಸ್ಥಾನಗಳಲ್ಲಿದ್ದವರ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ‘ಮಾರ್ಬಲ್‌ಕೇಕ್ ಆಲ್ಸೊ ದ ಗೇಮ್’ ಎಂದಾಗುತ್ತಿತ್ತು. ಅದು ಆ ಬಳಗದವರಿಗಷ್ಟೇ ತಿಳಿಯುವ ಸಂಕೇತ. ಎರಡನೆಯ ಸ್ಥಾನದಲ್ಲಿ ಮಲೇಷ್ಯಾದ ಅನ್ವರ್ ಇಬ್ರಾಹಿಂ, ಎಂಟನೆಯದರಲ್ಲಿ ಜರ್ಮನಿಯ ಆಂಗೆಲಾ ಮರ್ಕೆಲ್ ಇದ್ದುದು ಅವರ ಪ್ರಭಾವದ ಕಾರಣದಿಂದಲ್ಲ. ಆಯಾ ಸ್ಥಾನಕ್ಕೆ ಆಯಾ ಅಕ್ಷರ ಬೇಕಾಗಿತ್ತು ಎಂಬ ಕಾರಣದಿಂದ.

ಈ ಪ್ರಕರಣದ ಮಹತ್ತ್ವವಿರುವುದು ಇಲ್ಲಿಯೇ. ಒಂದನೆಯ ಸ್ಥಾನವನ್ನು ಕಸಿಯಲು ಹೆಚ್ಚು ಮತಗಳಿದ್ದರೆ ಸಾಕು. 21 ಸ್ಥಾನಗಳನ್ನು ಅಕ್ಷರಕ್ರಮದಲ್ಲಿ ಕೂರಿಸಬೇಕಾದರೆ ಕೆಲವರನ್ನು ಏರಿಸಬೇಕು, ಕೆಲವರನ್ನು ಅಳತೆಯಾಗಿ ಇಳಿಸಬೇಕು, ಇಡೀ ಪಟ್ಟಿ ಕೈವಶವಾಗಿರಬೇಕು. ಪತ್ರಿಕೆಯು ನಡುವೆ ಮನುಷ್ಯ-ಯಂತ್ರ ಭೇದ ಗುರುತಿಸುವ ಕ್ಯಾಪ್ಚಾ ಪರೀಕ್ಷೆಯನ್ನು ಅಳವಡಿಸಿದರೂ ಬಳಗದವರು ಕೈಯಿಂದಲೇ ಅಕ್ಷರಗಳನ್ನು ತುಂಬಿ ಮುಂದುವರಿದರು. 2012ರ ವರ್ಷದ ವ್ಯಕ್ತಿ ಮತದಾನದಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಅವರು 50 ಲಕ್ಷಕ್ಕೂ ಹೆಚ್ಚು ಮತಗಳೊಂದಿಗೆ ಮೊದಲಿಗರಾದದ್ದೂ ಇಂಥದೇ ಸಂಘಟಿತ ಕುಚೇಷ್ಟೆಯಿಂದ.

ಮೋಸವಿಲ್ಲದ ಕಡೆಯೂ ಸಂಘಟನೆಯು ಫಲಿತಾಂಶವನ್ನು ಬದಲಿಸಬಲ್ಲದು. 2002ರಲ್ಲಿ ಬಿಬಿಸಿ ನಡೆಸಿದ ‘ನೂರು ಶ್ರೇಷ್ಠ ಬ್ರಿಟನ್ನರು’ ಮತದಾನದಲ್ಲಿ ವಿನ್‌ಸ್ಟನ್ ಚರ್ಚಿಲ್ ಅವರ ನಂತರದ ಸ್ಥಾನ ದೊರೆತದ್ದು ಷೇಕ್ಸ್‌ಪಿಯರ್, ನ್ಯೂಟನ್, ಡಾರ್ವಿನ್ ಯಾರಿಗೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಎಂಜಿನಿಯರ್ ಇಸಂಬಾರ್ಡ್ ಬ್ರುನೆಲ್ ಅವರಿಗೆ. ಅವರ ಹೆಸರಿನ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಹುರುಪಿನಿಂದ ಪ್ರಚಾರ ನಡೆಸಿದ್ದರು. ಬ್ರುನೆಲ್ ಅವರು ರೈಲುಮಾರ್ಗ, ಸೇತುವೆ, ಹಡಗುಗಳ ನಿರ್ಮಾಣದಲ್ಲಿ ನಿಜಕ್ಕೂ ಹಿರಿಯರೇ. ಆದರೆ ಆ ಎರಡನೆಯ ಸ್ಥಾನದಲ್ಲಿ ಅವರ ಸಾಧನೆಯ ಪಾಲೆಷ್ಟು, ವಿದ್ಯಾರ್ಥಿಗಳ ಉತ್ಸಾಹದ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾಗದು.

ಇದೇ ಮಾದರಿಯನ್ನು ಅನುಸರಿಸಿದ ದೇಶಗಳಲ್ಲಿ ವಿಷಯ ಇನ್ನಷ್ಟು ಗಂಭೀರವಾಯಿತು. 2004ರಲ್ಲಿ ದಕ್ಷಿಣ ಆಫ್ರಿಕಾದ ಪಟ್ಟಿಯಲ್ಲಿ ನೆಲ್ಸನ್ ಮಂಡೇಲಾ ಮೊದಲಿಗರಾದರೂ, ವರ್ಣಭೇದ ನೀತಿಯ ಮುಖ್ಯ ರೂವಾರಿಯಾಗಿದ್ದ ಹೆಂಡ್ರಿಕ್ ವರ್ವೂರ್ಡ್ 19ನೆಯ ಸ್ಥಾನದಲ್ಲಿ ಕಾಣಿಸಿಕೊಂಡರು. ವಿವಾದದ ಬಳಿಕ ಕಾರ್ಯಕ್ರಮವನ್ನೇ ನಿಲ್ಲಿಸಲಾಯಿತು. 2007ರಲ್ಲಿ ಪೋರ್ಚುಗಲ್‌ನಲ್ಲಿ ಸರ್ವಾಧಿಕಾರಿ ಆಂಟೋನಿಯೊ ಸಲಜಾರ್ ಶೇಕಡ 41ರಷ್ಟು ಮತಗಳೊಂದಿಗೆ ಶ್ರೇಷ್ಠ ಪೋರ್ಚುಗೀಸ್ ಎನಿಸಿಕೊಂಡರು. 2008ರ ‘ರಷ್ಯಾದ ಹೆಸರು’ ಮತದಾನದಲ್ಲಿ ಆರಂಭದ ವಾರಗಳಲ್ಲಿ ಜೋಸೆಫ್ ಸ್ಟಾಲಿನ್ ಮುಂದಿದ್ದರು. ಅಂತರ್ಜಾಲದ ಮತಗಳಲ್ಲಿ ಕೃತಕ ಏರಿಕೆಯಾಗಿದೆ ಎಂದು ಸಂಘಟಕರು ಮಧ್ಯಪ್ರವೇಶಿಸಿದರು. ವರ್ಷದ ಕೊನೆಯಲ್ಲಿ ಹದಿಮೂರನೆಯ ಶತಮಾನದ ಅರಸು ಅಲೆಕ್ಸಾಂಡರ್ ನೆವ್‌ಸ್ಕಿ ಮೊದಲನೆಯ, ಪ್ಯೋತರ್ ಸ್ತೊಲಿಪಿನ್ ಎರಡನೆಯ, ಸ್ಟಾಲಿನ್ ಮೂರನೆಯ ಸ್ಥಾನ ಪಡೆದರು. ಇಲ್ಲಿ ಎರಡು ಸಂಶಯಗಳು ಒಟ್ಟಿಗೆ ಹುಟ್ಟುತ್ತವೆ: ಮತ ಹಾಕಿದವರ ಪ್ರಾಮಾಣಿಕತೆಯ ಬಗ್ಗೆ ಒಂದು, ಎಣಿಸಿದವರ ನಿಷ್ಪಕ್ಷಪಾತದ ಬಗ್ಗೆ ಇನ್ನೊಂದು. ಮತಗಳ ಮೂಲ ದಾಖಲೆ ಹೊರಗಿನವರ ಪರಿಶೀಲನೆಗೆ ಸಿಗದಿರುವ ತನಕ ಎರಡನ್ನೂ ಪರಿಹರಿಸಲು ಸಾಧ್ಯವಿಲ್ಲ.

ಭಾರತಕ್ಕೆ ಸಂಬಂಧಿಸಿದ ಮತದಾನಗಳು

1999ರಲ್ಲಿ ಬಿಬಿಸಿಯ ಜಾಲತಾಣ ನಡೆಸಿದ ಮತದಾನದಲ್ಲಿ ಅಮಿತಾಭ್ ಬಚ್ಚನ್ ಅವರು ಲಾರೆನ್ಸ್ ಒಲಿವಿಯರ್, ಚಾರ್ಲಿ ಚಾಪ್ಲಿನ್ ಅವರಂಥವರನ್ನು ಹಿಂದಿಕ್ಕಿ ಸಹಸ್ರಮಾನದ ತಾರೆಯಾಗಿ ಆಯ್ಕೆಯಾದರು. ಅದೇ ಸರಣಿಯಲ್ಲಿ ಇಂದಿರಾ ಗಾಂಧಿಯವರು ಸಹಸ್ರಮಾನದ ಮಹಿಳೆ ಎನಿಸಿದರು. ಜಗತ್ತಿನ ನಾನಾ ದೇಶಗಳಲ್ಲಿ ನೆಲೆಸಿ ಆ ಕಾಲಕ್ಕೇ ಅಂತರ್ಜಾಲದ ಸೌಲಭ್ಯ ಹೊಂದಿದ್ದ ಭಾರತೀಯರ ಸಂಖ್ಯೆ ಮತ್ತು ಆಸಕ್ತಿಗಳು ಈ ಫಲಿತಾಂಶಕ್ಕೆ ಕಾರಣ ಎಂಬುದು ಸಾಮಾನ್ಯ ವಿವರಣೆ. 2002ರಲ್ಲಿ ಬಿಬಿಸಿ ವಿಶ್ವಸೇವೆಯು ತನ್ನ 70ನೆಯ ವರ್ಷದ ಅಂಗವಾಗಿ ಜಗತ್ತಿನ ಅಚ್ಚುಮೆಚ್ಚಿನ ಹಾಡುಗಳಿಗೆ ಮತ ಕೇಳಿದಾಗ ಐರ್ಲೆಂಡಿನ ದೇಶಭಕ್ತಿ ಗೀತೆಯೊಂದು ಮೊದಲನೆಯದೂ ‘ವಂದೇ ಮಾತರಂ’ ಎರಡನೆಯದೂ ‘ದಿಲ್ ದಿಲ್ ಪಾಕಿಸ್ತಾನ್’ ಮೂರನೆಯದೂ ಇಳಯರಾಜಾ ಸಂಗೀತದ ‘ರಾಕ್ಕಮ್ಮ ಕೈಯ ತಟ್ಟು’ ನಾಲ್ಕನೆಯದೂ ಆದವು. ವ್ಯಕ್ತಿಗಳ ಪಟ್ಟಿಯಲ್ಲವಾದರೂ ಇದನ್ನು ಇಲ್ಲಿ ನೆನೆಯಬಹುದು. ಹಾಡಿನ ಸೊಗಸಿಗಿಂತ ನಾಡಿನ ಅಭಿಮಾನಕ್ಕೆ ಬಿದ್ದ ಮತಗಳು ಎಷ್ಟೆಂಬುದು ಪಟ್ಟಿಯ ಮೇಲ್ತುದಿಯಿಂದಲೇ ತಿಳಿಯುತ್ತದೆ.

2014 ಮತ್ತು 2016ರಲ್ಲಿ ‘ಟೈಮ್’ ಪತ್ರಿಕೆಯ ವರ್ಷದ ವ್ಯಕ್ತಿ ಕುರಿತ ಓದುಗರ ಮತದಾನದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಮೊದಲ ಸ್ಥಾನ ಪಡೆದರು. ಸಂಪಾದಕರು 2014ರಲ್ಲಿ ಎಬೋಲಾ ಸಾಂಕ್ರಾಮಿಕದ ವಿರುದ್ಧ ಹೋರಾಡಿದವರನ್ನೂ 2016ರಲ್ಲಿ ಡೊನಾಲ್ಡ್ ಟ್ರಂಪ್ ಅವರನ್ನೂ ಆರಿಸಿದರು. ಓದುಗರ ಆಯ್ಕೆ ಮತ್ತು ಸಂಪಾದಕರ ಆಯ್ಕೆ ಎರಡು ಪ್ರತ್ಯೇಕ ಸಂಗತಿಗಳು. ಮರುಪ್ರಸಾರದ ಸುದ್ದಿಗಳಲ್ಲಿ ಇವೆರಡೂ ಒಂದಾಗಿಬಿಡುವುದು ಅಪರೂಪವಲ್ಲ.

2012ರಲ್ಲಿ ಎರಡು ದೂರದರ್ಶನ ವಾಹಿನಿಗಳು ಮತ್ತು ‘ಔಟ್‌ಲುಕ್’ ವಾರಪತ್ರಿಕೆ ಸೇರಿ ನಡೆಸಿದ ‘ಶ್ರೇಷ್ಠ ಭಾರತೀಯ’ ಸಮೀಕ್ಷೆಯು ವಿಧಾನದ ದೃಷ್ಟಿಯಿಂದ ಗಮನಾರ್ಹ. ಗಾಂಧೀಜಿಯವರೊಡನೆ ಇತರರನ್ನು ಸ್ಪರ್ಧೆಗಿಳಿಸುವುದು ಅರ್ಥಹೀನವೆಂದು ಅವರ ಹೆಸರನ್ನು ಮೊದಲೇ ಹೊರಗಿಟ್ಟು, ಗಾಂಧಿಯವರ ನಂತರ ಯಾರು ಎಂದು ಕೇಳಲಾಯಿತು. ಸಾರ್ವಜನಿಕರ ದೂರವಾಣಿ ಮತ್ತು ಅಂತರ್ಜಾಲದ ಮತಗಳು, ತೀರ್ಪುಗಾರರ ಮಂಡಲಿಯ ಅಭಿಪ್ರಾಯ, ಮಾರುಕಟ್ಟೆ ಸಂಶೋಧನಾ ಸಂಸ್ಥೆಯೊಂದರ ಕ್ಷೇತ್ರಸಮೀಕ್ಷೆ ಈ ಮೂರನ್ನೂ ಕೂಡಿಸಿ ಫಲಿತಾಂಶ ಘೋಷಿಸಲಾಯಿತು. ಡಾ. ಬಿ. ಆರ್. ಅಂಬೇಡ್ಕರ್ ಅವರು ಮೊದಲನೆಯವರಾಗಿಯೂ ಡಾ. ಎ. ಪಿ. ಜೆ. ಅಬ್ದುಲ್ ಕಲಾಂ ಅವರು ಎರಡನೆಯವರಾಗಿಯೂ ಆಯ್ಕೆಯಾದರು. ಒಂದೇ ಅಳತೆಗೋಲನ್ನು ನೆಚ್ಚದೆ ಮೂರನ್ನು ಬಳಸಿದ್ದು ಸ್ವಾಗತಾರ್ಹ ಕ್ರಮ. ಹಾಗಿದ್ದರೂ ಯಾರ ಹೆಸರು ಪಟ್ಟಿಯಲ್ಲಿರಬೇಕು, ಯಾರದು ಬೇಡ ಎಂಬ ಸಂಘಟಕರ ತೀರ್ಮಾನವು ಮತದಾನಕ್ಕೂ ಮೊದಲೇ ಫಲಿತಾಂಶದ ಒಂದು ಭಾಗವನ್ನು ನಿರ್ಧರಿಸಿರುತ್ತದೆ ಎಂಬುದಕ್ಕೂ ಇದೇ ನಿದರ್ಶನ.

ಮಾದರಿಯ ಪ್ರಶ್ನೆ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು ಎಂಬುದು ಮನೆಮಾತು. ಸಮೀಕ್ಷಾಶಾಸ್ತ್ರದ ತಿರುಳೂ ಇದೇ. ಆದರೆ ಆ ಅಗುಳು ಪಾತ್ರೆಯ ಯಾವ ಭಾಗದಿಂದಲಾದರೂ ಸಮಾನ ಅವಕಾಶದಿಂದ ಬಂದಿರಬೇಕು. ತಾನಾಗಿ ಹೊರಗೆ ಚಿಮ್ಮಿದ ಅಗುಳಾಗಿರಬಾರದು. ಯಾದೃಚ್ಛಿಕವಾಗಿ ಆರಿಸಿದ ಸುಮಾರು 1,000 ಮಂದಿಯ ಮಾದರಿಯಿಂದ ಒಂದು ದೇಶದ ಅಭಿಪ್ರಾಯವನ್ನು ಶೇಕಡ 3ರಷ್ಟು ಹೆಚ್ಚುಕಡಿಮೆಯ ಮಿತಿಯೊಳಗೆ ಅಂದಾಜಿಸಬಹುದು. ತಾವಾಗಿಯೇ ಬಂದು ಮತ ಹಾಕಿದವರ ಸಂಖ್ಯೆ 10 ಲಕ್ಷವಾದರೂ, 1 ಕೋಟಿಯಾದರೂ ಅಂಥ ದೋಷಮಿತಿಯನ್ನು ಲೆಕ್ಕ ಹಾಕಲು ಬರುವುದಿಲ್ಲ. ಸಂಖ್ಯೆ ದೊಡ್ಡದಾದಷ್ಟೂ ಪಕ್ಷಪಾತವು ಕರಗಿಹೋಗುತ್ತದೆ ಎಂಬ ನಂಬಿಕೆ ತಪ್ಪು.

ಮತಗಳ ಸಂಖ್ಯೆ ಬೇರೆ, ಮತದಾರರ ಸಂಖ್ಯೆ ಬೇರೆ ಎಂಬುದೂ ಮರೆಯಬಾರದ ಅಂಶ. 2007ರಲ್ಲಿ ತಾಜಮಹಲನ್ನು ಒಳಗೊಂಡಂತೆ ‘ಹೊಸ ಏಳು ಅದ್ಭುತಗಳನ್ನು’ ಆರಿಸಿದ ಮತದಾನದಲ್ಲಿ 10 ಕೋಟಿ ಮತಗಳು ಬಂದವೆಂದು ಸಂಘಟಕರು ಪ್ರಕಟಿಸಿದರು. ಒಬ್ಬರು ಎಷ್ಟು ಬಾರಿ ಬೇಕಾದರೂ ದೂರವಾಣಿಯ ಮೂಲಕ ಮತ ಹಾಕಲು ತಡೆಯಿರಲಿಲ್ಲ. ಯುನೆಸ್ಕೊ ಸಂಸ್ಥೆಯು ಈ ಪ್ರಕ್ರಿಯೆಗೂ ತನಗೂ ಸಂಬಂಧವಿಲ್ಲವೆಂದೂ ಅದು ಅಂತರ್ಜಾಲ ಲಭ್ಯವಿದ್ದವರ ಅಭಿಪ್ರಾಯವನ್ನಷ್ಟೇ ಪ್ರತಿಬಿಂಬಿಸುತ್ತದೆಂದೂ ಸ್ಪಷ್ಟಪಡಿಸಿತು.

ಅಂತರ್ಜಾಲ ಲಭ್ಯವಿದ್ದವರು ಯಾರು ಎಂಬ ಪ್ರಶ್ನೆಗೆ ಭಾರತದಲ್ಲಿ ವಿಶೇಷ ಅರ್ಥವಿದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷ ವಯಸ್ಸಿನವರಲ್ಲಿ ಎಂದಾದರೂ ಅಂತರ್ಜಾಲ ಬಳಸಿದ ಮಹಿಳೆಯರು ಸುಮಾರು ಶೇಕಡ 33, ಪುರುಷರು ಸುಮಾರು ಶೇಕಡ 57. ಗ್ರಾಮೀಣ ಮಹಿಳೆಯರಲ್ಲಿ ಈ ಪ್ರಮಾಣ ನಾಲ್ಕರಲ್ಲಿ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ಈ ಅಂಕಿಗಳು ಅನಂತರ ಏರಿರುವುದು ಖಚಿತವಾದರೂ, ಹಿಂದಿನ ದಶಕಗಳ ಯಾವುದೇ ‘ದೇಶದ ಅತ್ಯಂತ ಜನಪ್ರಿಯ’ ಪಟ್ಟಿಯನ್ನು ಓದುವಾಗ, ಹಳ್ಳಿಯ ಹೆಂಗಸರ ಬಹುಪಾಲು ಆ ‘ದೇಶ’ದೊಳಗೆ ಸೇರಿರಲಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಅಂತರ್ಜಾಲದ ಮೂಲಕವೇ ನಡೆದರೂ ಮೇಲಿನ ಮತದಾನಗಳಿಗಿಂತ ವ್ಯವಸ್ಥಿತವಾದ ಸಮೀಕ್ಷೆಗಳೂ ಇವೆ. ಅಮೆರಿಕದ ‘ಮಾರ್ನಿಂಗ್ ಕನ್ಸಲ್ಟ್’ ಸಂಸ್ಥೆಯು ಹಲವು ದೇಶಗಳ ನಾಯಕರ ಬಗ್ಗೆ ಆಯಾ ದೇಶದ ವಯಸ್ಕರನ್ನು ಪ್ರಶ್ನಿಸಿ, ಉತ್ತರಗಳಿಗೆ ಜನಸಂಖ್ಯೆಗೆ ತಕ್ಕ ತೂಕ ನೀಡಿ ಶೇಕಡಾವಾರು ಮೆಚ್ಚುಗೆಯನ್ನು ಪ್ರಕಟಿಸುತ್ತದೆ. ಇದನ್ನು ‘ಜಗತ್ತಿನ ಜನಪ್ರಿಯ ನಾಯಕರ ಪಟ್ಟಿ’ ಎಂದು ಕರೆಯುವುದು ರೂಢಿಯಾಗಿದೆ. ವಾಸ್ತವವಾಗಿ ಒಂದು ದೇಶದವರು ಇನ್ನೊಂದು ದೇಶದ ನಾಯಕನಿಗೆ ಇಲ್ಲಿ ಮತ ಹಾಕುವುದಿಲ್ಲ. ಭಾರತದ ಮಾದರಿಯು ಅಕ್ಷರಸ್ಥರನ್ನು ಮಾತ್ರ ಪ್ರತಿನಿಧಿಸುತ್ತದೆ ಎಂದು ಸಂಸ್ಥೆಯೇ ತಿಳಿಸಿದೆ. ಟಿಪ್ಪಣಿಯಲ್ಲಿರುವ ಈ ಮಾತು ಶೀರ್ಷಿಕೆಯ ತನಕ ಬರುವುದು ಕಡಿಮೆ.

ಉತ್ತರಿಸುವವರು ಓದಿ ಉತ್ತರಿಸುತ್ತಾರೆಯೇ ಎಂಬುದು ಮತ್ತೊಂದು ಪ್ರಶ್ನೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2024ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಸ್ವಯಂಸೇರ್ಪಡೆಯ ಅಂತರ್ಜಾಲ ಸಮೀಕ್ಷೆಯೊಂದರಲ್ಲಿ 30 ವರ್ಷದೊಳಗಿನವರ ಪೈಕಿ ಶೇಕಡ 12 ಮಂದಿ ತಮಗೆ ಅಣುಶಕ್ತಿ ಜಲಾಂತರ್ಗಾಮಿ ನಡೆಸುವ ಪರವಾನಗಿ ಇದೆಯೆಂದು ಗುರುತು ಹಾಕಿದ್ದುದನ್ನು ದಾಖಲಿಸಿದೆ.

ಅನುಯಾಯಿಗಳ ಸಂಖ್ಯೆ

ಸಾಮಾಜಿಕ ಮಾಧ್ಯಮದ ಅನುಯಾಯಿಗಳ ಸಂಖ್ಯೆ ನಿಖರವಾದ ಅಂಕಿಯಂತೆ ಕಾಣುತ್ತದೆ. 2014ರ ಡಿಸೆಂಬರಿನಲ್ಲಿ ಇನ್‌ಸ್ಟಾಗ್ರಾಂ ನಕಲಿ ಖಾತೆಗಳನ್ನು ಅಳಿಸಿದಾಗ ಗಾಯಕ ಜಸ್ಟಿನ್ ಬೀಬರ್ ಒಂದೇ ಬಾರಿಗೆ ಸುಮಾರು 35 ಲಕ್ಷ ಅನುಯಾಯಿಗಳನ್ನು ಕಳೆದುಕೊಂಡರು. 2018ರ ಜನವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ‘ಡೆವುಮಿ’ ಎಂಬ ಕಂಪನಿಯ ವ್ಯವಹಾರವನ್ನು ಬಯಲಿಗೆಳೆಯಿತು. ಕನಿಷ್ಠ 35 ಲಕ್ಷ ಸ್ವಯಂಚಾಲಿತ ಖಾತೆಗಳ ದಾಸ್ತಾನನ್ನು ಇಟ್ಟುಕೊಂಡು, ಅವನ್ನೇ ಮತ್ತೆ ಮತ್ತೆ ಮಾರಿ, ಗಿರಾಕಿಗಳಿಗೆ ಒಟ್ಟು 20 ಕೋಟಿಗೂ ಹೆಚ್ಚು ಟ್ವಿಟರ್ ಅನುಯಾಯಿಗಳನ್ನು ಒದಗಿಸಲಾಗಿತ್ತು. ನಿಜವಾದ ಜನರ ಹೆಸರು, ಭಾವಚಿತ್ರಗಳನ್ನು ಅವರ ಅರಿವಿಲ್ಲದೆ ಈ ಖಾತೆಗಳಿಗೆ ಬಳಸಿಕೊಂಡದ್ದು ಪ್ರಕರಣದ ಅತ್ಯಂತ ಆತಂಕಕಾರಿ ಅಂಶ. ಅದೇ ವರ್ಷದ ಜುಲೈನಲ್ಲಿ ಟ್ವಿಟರ್ ಸಂಸ್ಥೆಯು ಸಂಶಯದಿಂದ ಬೀಗ ಹಾಕಿದ್ದ ಖಾತೆಗಳನ್ನು ಎಣಿಕೆಯಿಂದ ತೆಗೆದುಹಾಕಿತು. ಸಾಮಾನ್ಯ ಬಳಕೆದಾರರು ಒಬ್ಬಿಬ್ಬರನ್ನು ಕಳೆದುಕೊಂಡರೆ ಪ್ರಸಿದ್ಧರು ಲಕ್ಷಗಟ್ಟಲೆ ಕಳೆದುಕೊಂಡರು. ನಕಲಿ ಅನುಯಾಯಿಗಳಿದ್ದ ಮಾತ್ರಕ್ಕೆ ಆ ವ್ಯಕ್ತಿಯೇ ಅವರನ್ನು ಕೊಂಡಿದ್ದಾರೆ ಎನ್ನುವಂತಿಲ್ಲ. ಸಹಜವೆಂದು ತೋರಿಸಿಕೊಳ್ಳಲು ನಕಲಿ ಖಾತೆಗಳು ಪ್ರಸಿದ್ಧರನ್ನು ತಾವಾಗಿಯೇ ಹಿಂಬಾಲಿಸುವುದುಂಟು.

ಸಾಮಾಜಿಕ ಮಾಧ್ಯಮದ ಪ್ರಭಾವವನ್ನು ಒಂದೇ ಅಂಕಿಯಲ್ಲಿ ಹೇಳಲು ಯತ್ನಿಸಿದ ‘ಕ್ಲೌಟ್’ ಎಂಬ ಸೇವೆ 2008ರಲ್ಲಿ ಆರಂಭವಾಗಿ 2018ರ ಮೇ ತಿಂಗಳಲ್ಲಿ ಮುಚ್ಚಿತು. 1ರಿಂದ 100ರ ಅದರ ಮಾಪನದಲ್ಲಿ ಒಂದು ಕಾಲಕ್ಕೆ ಜಸ್ಟಿನ್ ಬೀಬರ್ ಅವರಿಗೆ ಪೂರ್ಣ 100 ಅಂಕಗಳಿದ್ದು, ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮ ಅವರಿಗೆ ಅದಕ್ಕಿಂತ ಕಡಿಮೆ ಇತ್ತು.

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರು 1975ರಲ್ಲಿ ಹಣಕಾಸು ನೀತಿಯ ಸಂದರ್ಭದಲ್ಲಿ ಮಂಡಿಸಿದ ವಿಚಾರವನ್ನು ಇಲ್ಲಿಗೆ ಅನ್ವಯಿಸುವುದುಂಟು. ಯಾವುದೇ ಅಳತೆ ಗುರಿಯಾಗಿ ಪರಿಣಮಿಸಿದೊಡನೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬುದು ಅದರ ಸಾರ. ಅನುಯಾಯಿಗಳ ಸಂಖ್ಯೆಗೆ ಹಣ ಸಿಗುವಂತಾದ ದಿನದಿಂದ ಅನುಯಾಯಿಗಳೂ ಮಾರಾಟದ ಸರಕಾದರು.

ಹುಡುಕಾಟ ಮತ್ತು ಪುಟವೀಕ್ಷಣೆ

ಗೂಗಲ್ ಸಂಸ್ಥೆಯು ವರ್ಷಾಂತ್ಯದಲ್ಲಿ ಪ್ರಕಟಿಸುವ ‘ಟ್ರೆಂಡಿಂಗ್’ ಪಟ್ಟಿಯನ್ನು ಅತಿ ಹೆಚ್ಚು ಹುಡುಕಲ್ಪಟ್ಟವರ ಪಟ್ಟಿಯೆಂದು ಭಾವಿಸುವುದು ಸಾಮಾನ್ಯ ತಪ್ಪು. ಹಿಂದಿನ ವರ್ಷಕ್ಕೆ ಹೋಲಿಸಿದರೆ ಯಾರ ಹುಡುಕಾಟ ಹೆಚ್ಚು ಏರಿತು ಎಂಬುದನ್ನು ಆ ಪಟ್ಟಿ ತೋರಿಸುತ್ತದೆ. ವರ್ಷವಿಡೀ ಸಮನಾಗಿ ಹುಡುಕಲ್ಪಡುವ ಹಿರಿಯ ನಟರೊಬ್ಬರು ಅದರಲ್ಲಿ ಇಲ್ಲದೆಯೇ ಹೋಗಬಹುದು. ಒಂದೇ ವಾರ ಸುದ್ದಿಯಲ್ಲಿದ್ದವರು ಮೇಲಿರಬಹುದು. ಗೂಗಲ್ ಟ್ರೆಂಡ್ಸ್‌ನಲ್ಲಿ ಕಾಣುವ 0ಯಿಂದ 100ರ ಅಂಕಿಯೂ ಹುಡುಕಾಟಗಳ ಸಂಖ್ಯೆಯಲ್ಲ. ಆರಿಸಿದ ಅವಧಿಯ ಅತ್ಯುಚ್ಚ ಬಿಂದುವನ್ನು 100 ಎಂದಿಟ್ಟುಕೊಂಡು ಮಾಡಿದ ಸಾಪೇಕ್ಷ ಲೆಕ್ಕ.

ಹೆಸರುಗಳ ಗೊಂದಲವು ಕನ್ನಡದ ಮಟ್ಟಿಗೆ ಹೆಚ್ಚು ಪ್ರಸ್ತುತ. ಕುವೆಂಪು ಅವರನ್ನು ಒಬ್ಬರು ಕಾವ್ಯನಾಮದಿಂದ ಹುಡುಕಿದರೆ ಇನ್ನೊಬ್ಬರು ಪುಟ್ಟಪ್ಪ ಎಂದು ಹುಡುಕುತ್ತಾರೆ. ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಲಿಪಿಯ ನಾಲ್ಕಾರು ಕಾಗುಣಿತಗಳಲ್ಲೊಮ್ಮೆ. ಹೀಗೆ ಒಬ್ಬರ ಲೆಕ್ಕ ಹಲವು ಭಾಗಗಳಾಗಿ ಒಡೆಯುತ್ತದೆ. ವಿರುದ್ಧ ದಿಕ್ಕಿನ ದೋಷವೂ ಉಂಟು. ‘ಬೇಂದ್ರೆ’ ಎಂಬ ಹುಡುಕಾಟವು ವರಕವಿಯವರಿಗೂ ಹಿಂದಿ ಚಿತ್ರನಟಿ ಸೋನಾಲಿ ಬೇಂದ್ರೆಯವರಿಗೂ ಸಲ್ಲಬಹುದು. ‘ವಿಷ್ಣುವರ್ಧನ’ ಎಂದರೆ ಹೊಯ್ಸಳ ದೊರೆಯೋ ಸಾಹಸಸಿಂಹರೋ ತಿಳಿಯದು. ನಟ ಗಣೇಶ್ ಅವರ ‘ಜನಪ್ರಿಯತೆ’ ಭಾದ್ರಪದ ಮಾಸದಲ್ಲಿ ಏಕೆ ಏರುತ್ತದೆಂದು ವಿವರಿಸಬೇಕಾಗಿಲ್ಲ. ಇಂಥ ಬೆರಕೆಯನ್ನು ತಪ್ಪಿಸಲು ಹುಡುಕಾಟ ಸಂಸ್ಥೆಗಳು ಪದದ ಬದಲು ‘ವಿಷಯ’ವನ್ನು ಗುರುತಿಸುವ ಏರ್ಪಾಡು ಮಾಡಿವೆ, ಭಾರತೀಯ ಭಾಷೆಗಳ ವಿಷಯದಲ್ಲಿ ಅದು ಇಂಗ್ಲಿಷಿನಷ್ಟು ಪಕ್ವವಾಗಿಲ್ಲ.

ಯಂತ್ರವು ಮೇಲಿಟ್ಟದ್ದನ್ನು ಜನಾಭಿಪ್ರಾಯವೆಂದು ತಿಳಿಯುವುದರ ಅಪಾಯ 2021ರ ಜೂನ್‌ನಲ್ಲಿ ಕನ್ನಡಿಗರ ಅನುಭವಕ್ಕೇ ಬಂತು. ಭಾರತದ ಕೆಟ್ಟ ಭಾಷೆ ಯಾವುದೆಂಬ ಪ್ರಶ್ನೆಗೆ ಗೂಗಲ್‌ನ ಹುಡುಕಾಟವು ಯಾವುದೋ ಅಪ್ರಸಿದ್ಧ ಪುಟವನ್ನು ಆಧರಿಸಿ ಕನ್ನಡವನ್ನು ಉತ್ತರವಾಗಿ ತೋರಿಸಿತು. ತೀವ್ರ ಪ್ರತಿಭಟನೆಯ ನಂತರ ಸಂಸ್ಥೆ ಆ ಉತ್ತರವನ್ನು ತೆಗೆದು ಕ್ಷಮೆ ಕೋರಿತು. ಅಲ್ಲಿ ಯಾವ ಮತದಾನವೂ ನಡೆದಿರಲಿಲ್ಲ, ಯಾರ ಅಭಿಪ್ರಾಯವನ್ನೂ ಕೇಳಿರಲಿಲ್ಲ.

ಐಎಂಡಿಬಿ ಜಾಲತಾಣವು ಪ್ರತಿವರ್ಷ ಪ್ರಕಟಿಸುವ ಜನಪ್ರಿಯ ಭಾರತೀಯ ತಾರೆಯರ ಪಟ್ಟಿಗೆ ಆಧಾರ ಆ ತಾಣದ ಪುಟವೀಕ್ಷಣೆಗಳು. 2022ರ ಪಟ್ಟಿಯಲ್ಲಿ ಧನುಷ್ ಮೊದಲಿಗರಾಗಿದ್ದರು. ‘ಕೆಜಿಎಫ್’ನ ಎರಡನೆಯ ಭಾಗ ತೆರೆಕಂಡ ಆ ವರ್ಷ ಯಶ್ ಹತ್ತನೆಯ ಸ್ಥಾನದಲ್ಲಿದ್ದರು. ಇಂಗ್ಲಿಷ್ ಪ್ರಧಾನವಾದ, ಜಗತ್ತಿನ ಎಲ್ಲೆಡೆಯಿಂದ ನೋಡಲ್ಪಡುವ ತಾಣದಲ್ಲಿ ವಿದೇಶೀ ಚಿತ್ರವೊಂದರಲ್ಲಿ ಕಾಣಿಸಿಕೊಂಡ ನಟನತ್ತ ಹೊರನಾಡಿನ ನೋಡುಗರ ಕುತೂಹಲವೂ ಸೇರಿಕೊಳ್ಳುತ್ತದೆ. ಧನುಷ್ ಆ ವರ್ಷ ‘ದ ಗ್ರೇ ಮ್ಯಾನ್’ ಎಂಬ ಇಂಗ್ಲಿಷ್ ಚಿತ್ರದಲ್ಲಿ ನಟಿಸಿದ್ದರು.

ವಿಕಿಪೀಡಿಯದ ಪುಟವೀಕ್ಷಣೆಯ ಅಂಕಿಗಳು 2015ರ ಜುಲೈನಿಂದ ಎಲ್ಲರಿಗೂ ಮುಕ್ತವಾಗಿ ದೊರೆಯುತ್ತವೆ. ಯಂತ್ರಗಳ ಭೇಟಿಯನ್ನು ಪ್ರತ್ಯೇಕಿಸುವ ವ್ಯವಸ್ಥೆಯೂ ಇದೆ. ಪರಿಶೀಲನೆಗೆ ತೆರೆದಿರುವ ಕಾರಣದಿಂದ ಸಂಶೋಧಕರು ಇವನ್ನು ಹೆಚ್ಚು ಬಳಸುತ್ತಾರೆ. ಆದರೆ ಭಾಷೆಯ ಒಲವು ಇಲ್ಲಿಯೂ ಇದೆ. 2013ರಲ್ಲಿ ಸ್ಟೀವನ್ ಸ್ಕೀನಾ ಮತ್ತು ಚಾರ್ಲ್ಸ್ ವಾರ್ಡ್ ಅವರು ಇಂಗ್ಲಿಷ್ ವಿಕಿಪೀಡಿಯವನ್ನು ಮುಖ್ಯವಾಗಿ ಆಧರಿಸಿ ಚರಿತ್ರೆಯ ಮಹತ್ತ್ವದ ವ್ಯಕ್ತಿಗಳಿಗೆ ಶ್ರೇಯಾಂಕ ನೀಡಿದ ಗ್ರಂಥವನ್ನು ಪ್ರಕಟಿಸಿದರು. ಮೊದಲ ಹತ್ತರಲ್ಲಿ ಲಿಂಕನ್, ವಾಷಿಂಗ್ಟನ್, ಜೆಫರ್ಸನ್ ಹೀಗೆ ಅಮೆರಿಕದ ಮೂವರು ಅಧ್ಯಕ್ಷರಿದ್ದರು. ಬುದ್ಧ, ಅಶೋಕ, ಕನ್‌ಫ್ಯೂಷಿಯಸ್ ಅವರ ಪೈಕಿ ಒಬ್ಬರೂ ಆ ಹತ್ತರಲ್ಲಿ ಇರಲಿಲ್ಲ. ಪುಸ್ತಕದ ಗಣಿತದಲ್ಲಿ ತಪ್ಪು ಹುಡುಕುವ ಅಗತ್ಯವಿಲ್ಲ. ಯಾವ ಭಾಷೆಯ ಗ್ರಂಥಾಲಯದಲ್ಲಿ ಕುಳಿತು ಎಣಿಸಲಾಯಿತು ಎಂಬುದೇ ಉತ್ತರವನ್ನು ಬಹುಮಟ್ಟಿಗೆ ತೀರ್ಮಾನಿಸಿತ್ತು.

ಶ್ರೇಯಾಂಕವೇ ಜನಪ್ರಿಯತೆಯನ್ನು ಹುಟ್ಟಿಸುವುದು

ಪಟ್ಟಿಯು ಜನಪ್ರಿಯತೆಯನ್ನು ತೋರಿಸುವುದರ ಜೊತೆಗೆ ಅದನ್ನು ಸೃಷ್ಟಿಸಲೂ ಬಲ್ಲದು. ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಅವರು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 14,341 ಮಂದಿ ಅಪರಿಚಿತ ತಂಡಗಳ 48 ಹಾಡುಗಳನ್ನು ಕೇಳಿದರು. ಒಂದು ಗುಂಪಿಗೆ ಇತರರ ಆಯ್ಕೆ ಕಾಣಿಸುತ್ತಿರಲಿಲ್ಲ. ಉಳಿದವರನ್ನು ಎಂಟು ‘ಲೋಕ’ಗಳಾಗಿ ಬೇರ್ಪಡಿಸಿ, ಆಯಾ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಮಂದಿ ಇಳಿಸಿಕೊಂಡರೆಂದು ತೋರಿಸಲಾಯಿತು. ಒಂದು ಲೋಕದಲ್ಲಿ ಮೇಲೇರಿದ ಹಾಡು ಮತ್ತೊಂದರಲ್ಲಿ ಕೆಳಗುಳಿಯಿತು. ತೀರ ಉತ್ತಮವಾದವು ಸಂಪೂರ್ಣ ಸೋಲುವುದೂ ತೀರ ಕಳಪೆಯಾದವು ಗೆಲ್ಲುವುದೂ ಅಪರೂಪವಾಗಿತ್ತು. ನಡುವಿನವುಗಳ ಭವಿಷ್ಯ ಬಹುಪಾಲು ಆರಂಭದ ಕೆಲವರ ಆಯ್ಕೆಯನ್ನು ಅವಲಂಬಿಸಿತ್ತು. 2013ರಲ್ಲಿ ಲೆವ್ ಮುಚ್ನಿಕ್, ಸಿನಾನ್ ಆರಲ್ ಮತ್ತು ಶಾನ್ ಟೇಲರ್ ನಡೆಸಿದ ಅಧ್ಯಯನದಲ್ಲಿ, ಪ್ರಕಟಣೆಯ ಆರಂಭದಲ್ಲೇ ಕೃತಕವಾಗಿ ನೀಡಿದ ಒಂದೇ ಒಂದು ಮೆಚ್ಚುಗೆಯ ಗುರುತು ಅಂತಿಮ ಅಂಕವನ್ನು ಸರಾಸರಿ ಶೇಕಡ 25ರಷ್ಟು ಏರಿಸಿದ್ದು ಕಂಡುಬಂತು. ಮೊದಲ ದಿನವೇ ‘ಮುನ್ನಡೆ’ ತೋರಿಸಲು ಅಭಿಮಾನಿ ಸಂಘಗಳು ಪೈಪೋಟಿ ನಡೆಸುವುದರ ಹಿಂದಿನ ತರ್ಕ ಇದೇ.

ಇದಕ್ಕೆ ಎದುರಾಗಿ, ಎಣಿಕೆಯಿಂದ ದೂರವಿದ್ದ ಸಾಧನೆಯನ್ನು ಗುರುತಿಸುವ ಬೇರೆ ದಾರಿಗಳೂ ಇವೆ. ಪದ್ಮ ಪ್ರಶಸ್ತಿಗಳಿಗೆ ನಾಗರಿಕರು ಅಂತರ್ಜಾಲದ ಮೂಲಕ ಹೆಸರು ಸೂಚಿಸಬಹುದು. ಆದರೆ ಅದು ನಾಮನಿರ್ದೇಶನವೇ ಹೊರತು ಮತದಾನವಲ್ಲ. ಎಷ್ಟು ಮಂದಿ ಸೂಚಿಸಿದರೆಂಬುದರ ಮೇಲೆ ಆಯ್ಕೆ ನಿಲ್ಲುವುದಿಲ್ಲ. ಕಿತ್ತಳೆ ಹಣ್ಣು ಮಾರಿ ಊರಿಗೆ ಶಾಲೆ ಕಟ್ಟಿಸಿದ ಹರೇಕಳ ಹಾಜಬ್ಬ ಅವರಿಗೆ 2020ರ ಪದ್ಮಶ್ರೀ ಘೋಷಣೆಯಾಯಿತು. ವೃಕ್ಷಮಾತೆ ಎಂದು ಹೆಸರಾದ ತುಳಸಿ ಗೌಡ ಅವರಿಗೂ ಅದೇ ವರ್ಷ. ಅವರ ಹೆಸರುಗಳು ದೇಶದಾದ್ಯಂತ ಜಾಲತಾಣಗಳಲ್ಲಿ ಹರಡಿದ್ದು ಪ್ರಶಸ್ತಿಯ ನಂತರ.

ಇಲ್ಲದ ಶ್ರೇಯಾಂಕಗಳು

ಶ್ರೇಯಾಂಕಗಳ ಪೈಕಿ ಕೆಲವು ನಡೆದೇ ಇರುವುದಿಲ್ಲ. ‘ಜನ ಗಣ ಮನ’ವನ್ನು ಯುನೆಸ್ಕೊ ಜಗತ್ತಿನ ಅತ್ಯುತ್ತಮ ರಾಷ್ಟ್ರಗೀತೆಯೆಂದು ಘೋಷಿಸಿದೆ ಎಂಬ ಸಂದೇಶ 2008ರ ಸುಮಾರಿನಿಂದ ಮಿಂಚಂಚೆಗಳಲ್ಲಿ, ಅನಂತರ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ಯುನೆಸ್ಕೊ ಅದನ್ನು ನಿರಾಕರಿಸಿದೆ. 2016ರಲ್ಲಿ ಅದೇ ಸಂಸ್ಥೆಯ ಹೆಸರಿನಲ್ಲಿ ಜಗತ್ತಿನ ಅತ್ಯುತ್ತಮ ಪ್ರಧಾನಿಯ ಘೋಷಣೆಯ ಸುಳ್ಳು ಸಂದೇಶ ಹರಡಿ, ಕೆಲವು ಗಣ್ಯರೂ ಅದನ್ನು ನಂಬಿ ಅಭಿನಂದನೆ ಸಲ್ಲಿಸಿದರು. ಯುನೆಸ್ಕೊ ಪ್ರಧಾನಿಗಳಿಗೆ ಶ್ರೇಯಾಂಕ ನೀಡುವುದಿಲ್ಲ. ಸಾಮಾನ್ಯಜ್ಞಾನದ ಪ್ರಶ್ನೋತ್ತರಗಳಲ್ಲಿ ಇಂಥ ‘ಸತ್ಯ’ಗಳು ನುಸುಳುವುದರಿಂದ ವಿದ್ಯಾರ್ಥಿಗಳು ಮೂಲ ಸಂಸ್ಥೆಯ ಅಧಿಕೃತ ಪ್ರಕಟಣೆಯನ್ನು ನೋಡಿಕೊಳ್ಳುವುದು ಕ್ಷೇಮ.

ಸುಧಾರಣೆಯ ಯತ್ನಗಳು

ಕೆಲವೇ ಮತಗಳಿಂದ ಮೇಲೇರುವುದನ್ನು ತಡೆಯಲು ಐಎಂಡಿಬಿಯು ತನ್ನ ಅತ್ಯುತ್ತಮ ಚಿತ್ರಗಳ ಪಟ್ಟಿಯಲ್ಲಿ ತೂಕ ನೀಡಿದ ಸರಾಸರಿಯನ್ನು ಬಳಸುತ್ತದೆ. ಮತಗಳು ಕಡಿಮೆಯಿದ್ದಷ್ಟೂ ಚಿತ್ರದ ಅಂಕವನ್ನು ಎಲ್ಲ ಚಿತ್ರಗಳ ಒಟ್ಟು ಸರಾಸರಿಯ ಕಡೆಗೆ ಎಳೆಯಲಾಗುತ್ತದೆ. ನಿಯಮಿತವಾಗಿ ಅಂಕ ನೀಡುವವರ ಮತಗಳನ್ನು ಮಾತ್ರ ಆ ಪಟ್ಟಿಗೆ ಪರಿಗಣಿಸುವುದಾಗಿಯೂ ಅಂಥವರನ್ನು ಹೇಗೆ ಗುರುತಿಸಲಾಗುತ್ತದೆಂಬುದನ್ನು ಬಹಿರಂಗಪಡಿಸುವುದಿಲ್ಲವೆಂದೂ ತಾಣ ತಿಳಿಸುತ್ತದೆ. ನಿಯಮ ಗುಟ್ಟಾಗಿದ್ದರೆ ವಂಚಕರಿಗೆ ಕಷ್ಟ. ಪ್ರಾಮಾಣಿಕವಾಗಿ ಪರಿಶೀಲಿಸಲು ಬಯಸುವವರಿಗೂ ಅಷ್ಟೇ ಕಷ್ಟ. ಈ ಇಕ್ಕಟ್ಟಿಗೆ ಇನ್ನೂ ಪರಿಹಾರ ದೊರೆತಿಲ್ಲ.

ಕಾನೂನಿನ ಕ್ರಮಗಳು ಈಚಿನವು. ಡೆವುಮಿ ಪ್ರಕರಣದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ 25 ಲಕ್ಷ ಡಾಲರುಗಳ ಆದೇಶ ಪಡೆಯಿತು. 2024ರ ಆಗಸ್ಟ್‌ನಲ್ಲಿ ಅದೇ ಆಯೋಗ ಪ್ರಕಟಿಸಿದ ನಿಯಮವು ನಕಲಿ ವಿಮರ್ಶೆಗಳೊಂದಿಗೆ, ವಾಣಿಜ್ಯ ಉದ್ದೇಶಕ್ಕಾಗಿ ನಕಲಿ ಅನುಯಾಯಿಗಳನ್ನೂ ವೀಕ್ಷಣೆಗಳನ್ನೂ ಮಾರುವುದನ್ನು, ಗೊತ್ತಿದ್ದು ಕೊಳ್ಳುವುದನ್ನು ನಿಷೇಧಿಸಿದೆ. ಭಾರತೀಯ ಮಾನಕ ಬ್ಯೂರೊ 2022ರ ನವೆಂಬರಿನಲ್ಲಿ ಅಂತರ್ಜಾಲದ ಗ್ರಾಹಕ ವಿಮರ್ಶೆಗಳಿಗೆ ಐಎಸ್ 19000 ಎಂಬ ಮಾನಕವನ್ನು ಹೊರತಂದಿತು. ಅದು ಸರಕು ಮತ್ತು ಸೇವೆಗಳ ವಿಮರ್ಶೆಗೆ ಸಂಬಂಧಿಸಿದ್ದು. ವ್ಯಕ್ತಿಗಳ ಜನಪ್ರಿಯತಾ ಪಟ್ಟಿಗಳು ಅದರ ವ್ಯಾಪ್ತಿಯಲ್ಲಿಲ್ಲ.